ಟ್ರ್ಯಾಕ್ಟರ್ ಮನೆ ಹಾಗೂ ರಿಪೇರಿ ಕೊಠಡಿ: ಗೋಡೆಗೆ ಯಾವ ಸಾಮಗ್ರಿ ಸೂಕ್ತ?



ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಇಲ್ಲದ ಓಣಿ ಈಗ ಅಪರೂಪ. ಹಿಂದೆ ರಂಟೆ, ಕುಂಟೆ, ಕೂರಿಗೆಗಳು ದಂದಕ್ಕಿಯ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಅವು ಕೆಟ್ಟರೆ ಊರಿನ ಬಡಿಗ, ಕಮ್ಮಾರರ ಮನೆಗೆ ಹೋಗುತ್ತಿದ್ದವು. ಇಂದು ಟ್ರ್ಯಾಕ್ಟರ್, ರೋಟಾವೇಟರ್, ಪಂಪು, ಸಿಂಪರಣಾ ಯಂತ್ರ, ವೆಲ್ಡಿಂಗ್ ಯಂತ್ರ ಇವೆಲ್ಲ ರೈತನ ಮನೆಯಲ್ಲಿಯೇ ಇವೆ. ಇವುಗಳನ್ನು ನಿಲ್ಲಿಸಲು ಮತ್ತು ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳಲು ಒಂದು ಕೊಠಡಿ ಅವಶ್ಯ. ಸಾಲ ಮಾಡಿ ತಂದ ಯಂತ್ರ ಮಳೆಯಲ್ಲಿ ನೆನೆದು ತುಕ್ಕು ಹಿಡಿದರೆ ಹಾನಿ ನಮ್ಮದೇ.

“ಸಾಹೇಬ್ರ, ಸುತ್ತ ನಾಕು ತಗಡು ಹೊಡದ್ರ ಮುಗೀತಲ್ರಿ, ಗ್ವಾಡಿಗೆ ಯಾಕ ಇಷ್ಟು ವಿಚಾರ?” ಎಂದು ಕೇಳುವವರಿದ್ದಾರೆ. ವಿಚಾರ ಮಾಡಲು ಕಾರಣವಿದೆ. 2019ರ ಆಗಸ್ಟ್ ತಿಂಗಳ ಮಳೆ ಮತ್ತು ನೆರೆಯಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಬಿದ್ದ ಮಣ್ಣಿನ ಗೋಡೆಗಳನ್ನು ಕಂಡವರು ಅದನ್ನು ಮರೆತಿರಲಾರರು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ದಂಡೆಯ ಊರುಗಳ ಜನರಿಗೆ ಇದು ಹೊಸ ಮಾತಲ್ಲ. ದಿನಗಟ್ಟಲೆ ನೆನೆದ ಗೋಡೆ ಹಗಲಿನಲ್ಲಿಯೇ ಬೀಳಬೇಕೆಂದೇನೂ ಇಲ್ಲ. ರಾತ್ರಿ ಮಲಗಿದವರ ಮೇಲೆಯೂ ಬೀಳುತ್ತದೆ. ಟ್ರ್ಯಾಕ್ಟರ್ ಕೊಠಡಿ ಬಹುತೇಕ ವಾಸದ ಮನೆಗೆ ಹೊಂದಿಕೊಂಡೇ ಇರುವುದರಿಂದ ಅದರ ಗೋಡೆಯ ಆಯ್ಕೆ ಮನೆಮಂದಿಯ ಜೀವದ ಪ್ರಶ್ನೆಯೂ ಹೌದು.

ಮೊದಲು ನೆಲದ ಪರೀಕ್ಷೆ

ಗೋಡೆಯ ಸಾಮಗ್ರಿಗಿಂತ ಮೊದಲು ಗೋಡೆ ನಿಲ್ಲುವ ನೆಲವನ್ನು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಸ್ಥೂಲವಾಗಿ ಎರಡು ತರದ ನೆಲಗಳಿವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಹುಬ್ಬಳ್ಳಿ ತಾಲೂಕುಗಳಲ್ಲಿ ಎರೆ ಭೂಮಿಯೇ ಹೆಚ್ಚು. ಧಾರವಾಡದ ಪಶ್ಚಿಮ ಭಾಗ, ಕಲಘಟಗಿ ಮತ್ತು ಅಳ್ನಾವರದ ಕಡೆಗೆ ಕೆಂಪು ಮಣ್ಣು ಹಾಗೂ ಮಸಾರಿ ಕಂಡುಬರುತ್ತದೆ. ಅಲ್ಲಿ ಮಳೆಯೂ ಹೆಚ್ಚು.

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದನ್ನು ನೀವೇ ಕಂಡಿದ್ದೀರಿ. ಅದೇ ನೆಲದ ಮೇಲೆ ಎರಡು ಅಡಿ ಬುನಾದಿ ತೆಗೆದು ಗೋಡೆ ಕಟ್ಟಿದರೆ, ಗೋಡೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬೀಳುತ್ತದೆ. ಇದಕ್ಕೆ ಗೌಂಡಿಯನ್ನು ದೂರಿ ಪ್ರಯೋಜನವಿಲ್ಲ. ಎಷ್ಟು ಸಿಮೆಂಟ್ ಮೆತ್ತಿದರೂ ಆ ಸೀಳು ಮರಳಿ ಬರುತ್ತದೆ.

ಆದ್ದರಿಂದ ಎರೆ ಭೂಮಿಯಲ್ಲಿ ಕೆಳಗಿನ ಕ್ರಮ ಅನುಸರಿಸಬೇಕು.

1. ಎರೆಮಣ್ಣಿನ ಪದರು ಮುಗಿದು ಗಟ್ಟಿ ಗರಸು ಸಿಗುವವರೆಗೆ ಬುನಾದಿ ತೆಗೆಯಬೇಕು.
2. ಗರಸು ಬಹಳ ಆಳದಲ್ಲಿದ್ದರೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ತೊಲೆ ಹಾಕಿ ಗೋಡೆ ಕಟ್ಟುವುದು ಉತ್ತಮ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆನೆಲಕ್ಕಾಗಿಯೇ ಬೆಳೆಸಿದ ವಿಧಾನವಿದು. ಇಂಥ ಕಂಬಗಳ ಆಳ ಸಾಮಾನ್ಯವಾಗಿ 3.5 ಮೀಟರ್. ಇದಕ್ಕೆ ಎಂಜಿನಿಯರರ ಸಲಹೆ ಅವಶ್ಯ.
3. ಗೋಡೆಯ ಸುತ್ತಲೂ ಮೂರು ಅಡಿ ಅಗಲಕ್ಕೆ ಫರಸಿ ಅಥವಾ ಕಾಂಕ್ರೀಟ್ ಹಾಕಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಬುನಾದಿಯ ಬಳಿ ನೀರು ನಿಲ್ಲಕೂಡದು.

ಮಸಾರಿ ನೆಲದಲ್ಲಿ ಇಷ್ಟು ತೊಂದರೆಯಿಲ್ಲ. ಅಲ್ಲಿ ಗಟ್ಟಿ ನೆಲ ಬೇಗ ಸಿಗುತ್ತದೆ.

ಸಾಮಗ್ರಿಗಳ ಗುಣದೋಷಗಳು

ಹಸಿ ಮಣ್ಣಿನ ಗೋಡೆ: ಖರ್ಚು ಕಡಿಮೆ, ಬೇಸಿಗೆಯಲ್ಲಿ ತಂಪು. ಒಣಗಿದ್ದಾಗ ಸಾಕಷ್ಟು ಭಾರ ಹೊರುತ್ತದೆ. ಆದರೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಇಲಿ, ಗೆದ್ದಲುಗಳ ಕಾಟವೂ ಇದೆ. ಹೊಸ ಕೊಠಡಿಗೆ ಇದು ಬೇಡ. ಹಳೆಯ ಮಣ್ಣಿನ ಗೋಡೆಯನ್ನೇ ಉಳಿಸಿಕೊಳ್ಳುವುದಾದರೆ ಅದಕ್ಕೆ ಸಿಮೆಂಟ್ ಗಿಲಾವು ಮಾಡಬಾರದು. ಸಿಮೆಂಟ್ ಪದರು ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ಒಳಗೆ ಸೇರಿದ ತೇವ ಹೊರಬರಲು ಬಿಡುವುದಿಲ್ಲ. ಹೊರಗೆ ಗೋಡೆ ಚಂದ ಕಂಡರೂ ಒಳಗೆ ಕರಗುತ್ತಿರುತ್ತದೆ. ಹೊಟ್ಟು ಬೆರೆಸಿ ಕೊಳೆಯಿಸಿದ ಮಣ್ಣಿನ ಗಿಲಾವು ಮತ್ತು ಸುಣ್ಣವೇ ಇದಕ್ಕೆ ತಕ್ಕದ್ದು. ಸೂರು ಎರಡು ಅಡಿಯಾದರೂ ಹೊರಚಾಚಿರಲಿ.

ಸುಟ್ಟ ಇಟ್ಟಂಗಿ: ಒಳ್ಳೆಯ ಇಟ್ಟಂಗಿ ಸಿಕ್ಕರೆ ಇದು ನಂಬಿಕೆಯ ಸಾಮಗ್ರಿ. ಪರೀಕ್ಷೆ ಸುಲಭ. ಎರಡು ಇಟ್ಟಂಗಿಗಳನ್ನು ಒಂದಕ್ಕೊಂದು ಬಡಿದರೆ ಲೋಹದಂತೆ ನಾದ ಬರಬೇಕು. ಸುಮಾರು ಮೂರು ಅಡಿ ಎತ್ತರದಿಂದ ಮಣ್ಣಿನ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಒಣ ಇಟ್ಟಂಗಿ ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿದರೆ ತೂಕ ನೂರಕ್ಕೆ 20ಕ್ಕಿಂತ ಹೆಚ್ಚಾಗಬಾರದು. ಕಟ್ಟುವ ಮುಂಚೆ ಇಟ್ಟಂಗಿಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಇಲ್ಲವಾದರೆ ಅದು ಗಾರೆಯ ನೀರನ್ನು ಹೀರಿ ಗಾರೆಯನ್ನು ಸೊರಗಿಸುತ್ತದೆ.

ಸಿಮೆಂಟ್ ಬ್ಲಾಕ್: ಕೆಲಸ ಬೇಗ ಸಾಗುತ್ತದೆ, ಗಾರೆ ಕಡಿಮೆ ಸಾಕು. ಆದರೆ ಕ್ಯೂರಿಂಗ್ ಆಗದ ಹಸಿ ಬ್ಲಾಕುಗಳನ್ನು ತಂದು ಕಟ್ಟಿದರೆ ಅವು ಗೋಡೆಯಲ್ಲಿಯೇ ಒಣಗಿ ಕುಗ್ಗಿ ಸೀಳು ಬಿಡುತ್ತವೆ. ಮಾಡಿದ ದಿನ ಕೇಳಿ, ಕನಿಷ್ಠ ನಾಲ್ಕು ವಾರ ಕಳೆದ ಬ್ಲಾಕುಗಳನ್ನೇ ಕೊಳ್ಳಬೇಕು. ಇಟ್ಟಂಗಿಯಂತೆ ಇವನ್ನು ನೀರಿನಲ್ಲಿ ಮುಳುಗಿಸಬಾರದು. ಟೊಳ್ಳು ಬ್ಲಾಕಿಗೆ ಮೊಳೆ, ಬೋಲ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ವೈಸ್, ಭಾರದ ಮಾಡ ಬರುವ ಜಾಗಗಳನ್ನು ಮೊದಲೇ ಗುರುತಿಸಿ ಅಲ್ಲಿ ಗಟ್ಟಿ ಬ್ಲಾಕು ಕೂಡಿಸಬೇಕು, ಇಲ್ಲವೆ ಟೊಳ್ಳಿನಲ್ಲಿ ಕಾಂಕ್ರೀಟ್ ತುಂಬಬೇಕು.

ಕಲ್ಲು: ಹತ್ತಿರದಲ್ಲಿ ಖಣಿಯಿದ್ದವರಿಗೆ ಕಲ್ಲಿನ ಗೋಡೆಯಷ್ಟು ಬಾಳಿಕೆಯದು ಬೇರಿಲ್ಲ. ಆದರೆ ಭಾರ ಹೆಚ್ಚು, ಗೋಡೆ ದಪ್ಪ, ಬುನಾದಿಯ ಖರ್ಚು ಹೆಚ್ಚು. ಬೆಳಗಾವಿ, ಖಾನಾಪುರ, ಉತ್ತರ ಕನ್ನಡದ ಕಡೆಯ ಜಂಬಿಟ್ಟಿಗೆ (ಕೆಂಪು ಕಲ್ಲು) ಕೊಯ್ಯಲು ಸುಲಭ, ಗಾಳಿಗೆ ಗಟ್ಟಿಯಾಗುತ್ತದೆ. ಅಳ್ನಾವರ, ಕಲಘಟಗಿಯ ರೈತರಿಗೆ ಇದು ಪರವಡಿಸಬಹುದು. ನವಲಗುಂದಕ್ಕೆ ತರುವಷ್ಟರಲ್ಲಿ ಲಾರಿ ಬಾಡಿಗೆಯೇ ಹೆಚ್ಚಾದೀತು.

ಸಿಮೆಂಟ್ ಬೆರೆಸಿದ ಮಣ್ಣಿನ ಬ್ಲಾಕು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಈ ವಿಧಾನವನ್ನು ಬಳಕೆಗೆ ತರಲು ದುಡಿದಿದೆ. ಮಣ್ಣಿಗೆ ನೂರಕ್ಕೆ 6ರಿಂದ 8 ಭಾಗ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ವಾರ ಒದ್ದೆ ಗೋಣಿತಟ್ಟು ಹೊದಿಸಿ ನೀರುಣಿಸಿದರೆ ಬ್ಲಾಕು ಸಿದ್ಧ. ಸುಡಲು ಕಟ್ಟಿಗೆ ಬೇಕಿಲ್ಲ. ಆದರೆ ಎರೆಮಣ್ಣಿಗೆ ಇದು ಒಗ್ಗದು. ಮರಳು ಹೆಚ್ಚಿರುವ ಕೆಂಪು ಮಣ್ಣೇ ಬೇಕು.

ನಿಮ್ಮ ಮಣ್ಣನ್ನು ಹೀಗೆ ಪರೀಕ್ಷಿಸಿರಿ: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಬೇಕು. ಅಡಿಯಲ್ಲಿ ಮರಳು, ನಡುವೆ ನುಣ್ಣನೆಯ ಮಣ್ಣು, ಮೇಲೆ ಜೇಡಿ ಕೂಡುತ್ತವೆ. ಮರಳಿನ ಪದರು ಒಟ್ಟು ಮಣ್ಣಿನ ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ಮಣ್ಣು ತಕ್ಕದ್ದು. ಕಡಿಮೆಯಿದ್ದರೆ ಮರಳು ಬೆರೆಸಬೇಕು. ಸಿದ್ಧವಾದ ಬ್ಲಾಕನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ನೋಡಿರಿ. ಅಂಚು ಕರಗಿದರೆ ಆ ಮಿಶ್ರಣ ಬೇಡ.

ತಗಡು: ಜಸ್ತ ಲೇಪಿತ ಪತ್ರಾಸಿನ ಗೋಡೆ ಬೇಗ ಏಳುತ್ತದೆ, ನೆಲ ಸ್ವಲ್ಪ ಅಲುಗಿದರೂ ಬಾಗಿಕೊಳ್ಳುತ್ತದೆಯೇ ಹೊರತು ಸೀಳುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಒಳಗೆ ನಿಲ್ಲುವುದು ಕಷ್ಟ. ನೆಲಕ್ಕೆ ತಾಗಿದ ಅಂಚು ಮೊದಲು ತುಕ್ಕು ಹಿಡಿಯುತ್ತದೆ. ರಸಗೊಬ್ಬರದ ಚೀಲ ಒರಗಿಸಿಟ್ಟರಂತೂ ಬೇಗನೆ ತೂತು ಬೀಳುತ್ತದೆ. ಆದ್ದರಿಂದ ಕೆಳಗೆ ಮೂರು-ನಾಲ್ಕು ಅಡಿ ಗಟ್ಟಿ ಗೋಡೆ, ಅದರ ಮೇಲೆ ಕಬ್ಬಿಣದ ಚೌಕಟ್ಟಿಗೆ ತಗಡು, ಮೇಲ್ಭಾಗದಲ್ಲಿ ಗಾಳಿಗೆ ಜಾಲರಿ ಹೀಗೆ ಮಾಡಿದರೆ ಎರೆ ಭೂಮಿಯಲ್ಲಿ ಕಡಿಮೆ ಖರ್ಚಿನ ಒಳ್ಳೆಯ ಕೊಠಡಿಯಾಗುತ್ತದೆ.

ಕಲ್ನಾರಿನ ಸಿಮೆಂಟ್ ಹಾಳೆ: ಇದನ್ನು ಕಟ್ಟುನಿಟ್ಟಾಗಿ ಬಿಡಿರಿ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಾಳೆಯನ್ನು ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ನಾರು ಉಸಿರಿನೊಡನೆ ಒಳಸೇರುತ್ತದೆ. ರೋಗ ತೋರುವುದು ಹತ್ತಾರು ವರ್ಷಗಳ ಮೇಲೆ. ರಿಪೇರಿ ಕೊಠಡಿಯಲ್ಲಿ ಕೊರೆಯುವುದು, ಬಡಿಯುವುದು ನಿತ್ಯದ ಕೆಲಸ. ಹಳೆಯ ಹಾಳೆ ಈಗಾಗಲೇ ಇದ್ದರೆ ಅದಕ್ಕೆ ತೂತು ಕೊರೆಯದೆ, ಉಜ್ಜದೆ ಇದ್ದಂತೆಯೇ ಬಿಡಬೇಕು. ತೆಗೆಯಲೇಬೇಕಾದರೆ ಒದ್ದೆ ಮಾಡಿ, ಒಡೆಯದೆ ಇಳಿಸಬೇಕು. ಮಕ್ಕಳನ್ನು ದೂರವಿಡಬೇಕು.

ಲೆಕ್ಕ ಹಾಕುವ ರೀತಿ

24 ಅಡಿ ಉದ್ದ, 14 ಅಡಿ ಅಗಲದ ಕೊಠಡಿಯನ್ನು ತೆಗೆದುಕೊಳ್ಳೋಣ. ಮುಂದಿನ 14 ಅಡಿ ಟ್ರ್ಯಾಕ್ಟರಿಗೆ, ಹಿಂದಿನ 10 ಅಡಿ ರಿಪೇರಿಗೆ. ಮೂರು ಬದಿಯ ಗೋಡೆಯ ಉದ್ದ 24+24+14 = 62 ಅಡಿ. ಎತ್ತರ 9 ಅಡಿ. ಒಟ್ಟು 558 ಚದರ ಅಡಿ. 4×3 ಅಡಿಯ ಎರಡು ಕಿಟಕಿಗಳ 24 ಚದರ ಅಡಿ ಕಳೆದರೆ ಉಳಿಯುವುದು 534 ಚದರ ಅಡಿ. ಒಡಕು-ಮುಕ್ಕು ಸೇರಿಸಿ ಬೇಕಾಗುವ ಸಂಖ್ಯೆ ಸುಮಾರು ಹೀಗಿದೆ:

16×8 ಅಂಗುಲ ಮುಖದ ಸಿಮೆಂಟ್ ಬ್ಲಾಕು – 600
23×19×10 ಸೆಂ.ಮೀ. ಅಳತೆಯ ಮಣ್ಣಿನ ಬ್ಲಾಕು (19 ಸೆಂ.ಮೀ. ಗೋಡೆ) – 1,920
9 ಅಂಗುಲ ಗೋಡೆಗೆ ಇಟ್ಟಂಗಿ (ಗಾರೆ ಸೇರಿ 9×4½×3 ಅಂಗುಲ) – 6,000

ಎದುರಿನ ಕಂಬಗಳ ಲೆಕ್ಕ ಬೇರೆ. ಒಂದು ನಗದ ದರವನ್ನಷ್ಟೇ ಕೇಳಿ ಮೋಸ ಹೋಗಬೇಡಿರಿ. ಸಾಮಗ್ರಿಯ ದರ, ನಿಮ್ಮ ಊರಿಗೆ ಬಂದು ಬೀಳುವ ಬಾಡಿಗೆ, ಗಾರೆ, ಗೌಂಡಿಯ ಕೂಲಿ, ಗಿಲಾವು ಈ ಐದನ್ನೂ ಕೂಡಿಸಿ 534ರಿಂದ ಭಾಗಿಸಿದರೆ ಚದರ ಅಡಿಯ ನಿಜವಾದ ಖರ್ಚು ತಿಳಿಯುತ್ತದೆ. ನಗಕ್ಕೆ ಅಗ್ಗವಾಗಿ ಕಂಡದ್ದು ಗೋಡೆಗೆ ದುಬಾರಿಯಾಗುವುದುಂಟು.

ಕಟ್ಟುವಾಗ ಗಮನಿಸಬೇಕಾದದ್ದು

ನಮ್ಮಲ್ಲಿ ಮುಂಗಾರಿನ ಮಳೆ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಬಾಗಿಲು ಪೂರ್ವಕ್ಕೆ ಅಥವಾ ಉತ್ತರಕ್ಕಿರಲಿ. ನೆಲಗಟ್ಟು ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿಯಾದರೂ ಎತ್ತರವಿದ್ದು, ಟ್ರ್ಯಾಕ್ಟರ್ ಏರಲು ಇಳಿಜಾರು ಕೊಡಬೇಕು. ನೆಲಗಟ್ಟಿನ ಮಟ್ಟದಲ್ಲಿ ಒಂದೂವರೆ ಅಂಗುಲದ ಕಾಂಕ್ರೀಟ್ ಪದರು ಹಾಕಿದರೆ ಕೆಳಗಿನ ತೇವ ಮೇಲೇರುವುದಿಲ್ಲ. 24 ಅಡಿ ಉದ್ದದ ಗೋಡೆಗೆ ಪ್ರತಿ 10-12 ಅಡಿಗೆ ಆಧಾರ ಕಂಬ ಇರಲೇಬೇಕು. ಕಿಟಕಿಯ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಹಾಯಿಸಿದರೆ ಗೋಡೆಗಳೆಲ್ಲ ಒಂದಾಗಿ ನಿಲ್ಲುತ್ತವೆ. ಗಾರೆ 1:6ರ ಪ್ರಮಾಣದಲ್ಲಿರಲಿ. ಸಿಮೆಂಟ್ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು. ಅತಿ ಸಿಮೆಂಟಿನ ಗಾರೆ ಕುಗ್ಗಿ ಸೀಳುತ್ತದೆ.

ಒಳಮೈಯ ಕೆಲಸ

ರಿಪೇರಿ ಕೊಠಡಿಯ ಗೋಡೆಗೆ ಎಣ್ಣೆ, ಗ್ರೀಸು, ಬೆಂಕಿಯ ಕಿಡಿ, ಬಡಿತ ನಾಲ್ಕೂ ತಗಲುತ್ತವೆ. ನೆಲದಿಂದ ನಾಲ್ಕು ಅಡಿಯವರೆಗೆ ನುಣುಪಾದ ಸಿಮೆಂಟ್ ಗಿಲಾವು ಮಾಡಿ ಎಣ್ಣೆ ಬಣ್ಣ ಬಳಿದರೆ ಜಿಡ್ಡನ್ನು ಒರೆಸಬಹುದು. ಅದರ ಮೇಲೆ ಎರಡು ಕೈ ಸುಣ್ಣ ಸಾಕು. ಬಿಳಿ ಗೋಡೆ ಬೆಳಕು ಹೆಚ್ಚಿಸುತ್ತದೆ, ಬಿದ್ದ ನಟ್ಟು-ಬೋಲ್ಟು ಕಣ್ಣಿಗೆ ಬೀಳುತ್ತದೆ.

ಪಟ್ಟಣದ ಮನೆಗಳನ್ನು ನೋಡಿ ಕೆಲವರು ಗೋಡೆಗೆಲ್ಲ ಪ್ಲೈವುಡ್ ಅಥವಾ ಜಿಪ್ಸಂ ಹಲಗೆ ಹೊಡೆಸುತ್ತಾರೆ. ಜಿಪ್ಸಂ ಹಲಗೆ ತೇವಕ್ಕೆ ಮೆತ್ತಗಾಗುತ್ತದೆ, ಪಾನೆ ತಗಲಿದರೆ ತೂತು ಬೀಳುತ್ತದೆ. ಪ್ಲೈವುಡ್ ಗಟ್ಟಿ, ಆದರೆ ಅದಕ್ಕೆ ಬೆಂಕಿ ಮತ್ತು ಗೆದ್ದಲುಗಳ ಭಯ. ಸಾಮಾನು ತೂಗುಹಾಕುವ 6×4 ಅಡಿಯ ಜಾಗಕ್ಕಷ್ಟೇ ದಪ್ಪ ಪ್ಲೈವುಡ್ ಬಳಸಿರಿ. ಅದನ್ನು ಗೋಡೆಗೆ ತಾಗಿಸದೆ, ಒಂದು ಅಂಗುಲದ ಪಟ್ಟಿಗಳ ಮೇಲೆ, ನೆಲದಿಂದ ಮೂರು ಅಡಿ ಮೇಲೆ ಕೂಡಿಸಿದರೆ ಹಿಂದೆ ಗಾಳಿಯಾಡುತ್ತದೆ. ಗೆದ್ದಲಿನ ದಾರಿಯೂ ಕಣ್ಣಿಗೆ ಕಾಣುತ್ತದೆ.

ವೆಲ್ಡಿಂಗ್ ಮಾಡುವ ಮೂಲೆಯ ಗೋಡೆ ಇಟ್ಟಂಗಿ, ಬ್ಲಾಕು ಇಲ್ಲವೆ ಕಲ್ಲಿನದೇ ಆಗಿರಬೇಕು. ಮರ, ಗೋಣಿಚೀಲ, ಡೀಸೆಲ್ ಡಬ್ಬಿ ಅಲ್ಲಿ ಇರಕೂಡದು. ಹೊಟ್ಟು, ಮೇವಿನ ಬಣವೆ ಈ ಕೊಠಡಿಯಿಂದ ದೂರವಿರಲಿ. ಒಂದು ಕಿಡಿ ವರ್ಷದ ಮೇವನ್ನು ಒಂದು ಗಂಟೆಯಲ್ಲಿ ನುಂಗಬಲ್ಲದು. ಕೀಟನಾಶಕ ಮತ್ತು ಗೊಬ್ಬರಗಳಿಗೆ ಬೇರೆ ಜಾಗ ಮಾಡಿರಿ.

ನೆನಪಿಡಬೇಕಾದ ಅಂಶಗಳು

1. ಎರೆ ಭೂಮಿಯಲ್ಲಿ ಹಣವನ್ನು ಮೊದಲು ಬುನಾದಿಗೆ ಹಾಕಬೇಕು, ಆಮೇಲೆ ಗೋಡೆಗೆ.
2. ಕೆಂಪು ಮಣ್ಣಿನ ಊರುಗಳಲ್ಲಿ ಸಿಮೆಂಟ್ ಬೆರೆಸಿದ ಮಣ್ಣಿನ ಬ್ಲಾಕು ಅಥವಾ ಜಂಬಿಟ್ಟಿಗೆ. ಎರೆ ಊರುಗಳಲ್ಲಿ ಇಟ್ಟಂಗಿ, ಸಿಮೆಂಟ್ ಬ್ಲಾಕು ಅಥವಾ ಅರ್ಧ ಗೋಡೆ-ಅರ್ಧ ತಗಡು.
3. ಕಲ್ನಾರಿನ ಹಾಳೆ ಬೇಡ.
4. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಬಾರದು.
5. ಸುಗ್ಗಿಯ ನಂತರ ಕೆಲಸ ಆರಂಭಿಸಿ ಮುಂಗಾರಿಗೆ ಮುಂಚೆ ಗೋಡೆಗೆ ಸೂರು ಮುಟ್ಟಿಸಬೇಕು.

ಹಳೆಯ ಮಣ್ಣಿನ ಗೋಡೆಗೆ ಆನಿಸಿ ಟ್ರ್ಯಾಕ್ಟರ್ ನಿಲ್ಲಿಸುವವರು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಆ ಗೋಡೆಯ ಬುಡ ನೋಡಬೇಕು. ಬುಡ ಸವೆದಿದ್ದರೆ, ಗೋಡೆ ಹೊರಕ್ಕೆ ಹೊಟ್ಟೆ ಬಿಟ್ಟಿದ್ದರೆ, ಅದರ ಮಗ್ಗುಲಲ್ಲಿ ಯಾರೂ ಮಲಗದಂತೆ ಇಂದೇ ವ್ಯವಸ್ಥೆ ಮಾಡಿರಿ. ಹೊಸ ಗೋಡೆಗೆ ಹಣ ಹೊಂದಿಸಲು ಒಂದು ವರ್ಷ ಹಿಡಿದೀತು. ಹಾಸಿಗೆಯನ್ನು ಬೇರೆ ಕಡೆ ಹಾಸಲು ಹಣ ಬೇಕಿಲ್ಲ.