ನಾಯಿ ಮರಿ ಆರಿಸೋಣ ಬರ್ರಿ

ನಾಯಿ ಮರಿ ಬೇಕು ಅಂತ ಮಕ್ಕಳು ಹಟ ಹಿಡಿದಾರೇನ್ರಿ? ತರ್ರಿ. ಆದರೆ ಚೆಂದ ಒಂದೇ ನೋಡಿ ತರಬೇಡ್ರಿ.

ಮೊದಲು ವಯಸ್ಸು ಕೇಳಿರಿ. 8 ವಾರ ಆಗುವ ತನಕ ಮರಿ ತಾಯಿಯ ಹತ್ತಿರ ಇರಬೇಕು. ಬೇರೆ ಮರಿಗಳ ಜೊತೆ ಆಡುತ್ತಾ, ಜೋರಾಗಿ ಕಚ್ಚಬಾರದು ಅಂತ ಅದು ಕಲಿಯುತ್ತದೆ.

ಕಣ್ಣು ಸ್ವಚ್ಛ ಇರಬೇಕು. ಮೂಗು ಸೋರಬಾರದು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳ ಇರಬಹುದು. ಕರೆದರೆ ಬಾಲ ಅಲ್ಲಾಡಿಸುತ್ತಾ ಬರುವ ಮರಿ ಮಕ್ಕಳಿರುವ ಮನೆಗೆ ಒಳ್ಳೇದು.

ಪೇಟೆಯಲ್ಲಿ ಉದ್ದ ಕೂದಲಿನ ಮರಿಗಳು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಚಳಿ ದೇಶದ ತಳಿಗಳು. ಸೊಲ್ಲಾಪುರ, ಜತ್ತ ಕಡೆಯ ಬಿಸಿಲು ಅವಕ್ಕೆ ಕಷ್ಟ. ನಮ್ಮೂರ ನಾಯಿಗೆ ಈ ಬಿಸಿಲು ರೂಢಿ.

ಮರಿಗೆ 3 ತಿಂಗಳು ತುಂಬಿದ ಕೂಡಲೇ ದನದ ದವಾಖಾನೆಗೆ ಒಯ್ಯಿರಿ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಮುಂದಿನ ಲಸಿಕೆಯ ತಾರೀಖು ಚೀಟಿಯ ಮೇಲೆ ಬರೆಸಿರಿ. ಅದನ್ನು ನೀವೇ ಓದಿ ನೆನಪಿಡಿರಿ.

ಈ ರೋಗದ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಮೊದಲೇ ತಡೆಯಬಹುದು. ನಾಯಿ ಕಚ್ಚಿದರೆ, ಪರಚಿದರೆ ಗಾಯಕ್ಕೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡ್ರಿ. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಳ್ಳಿರಿ. ಹೇಳಿದಷ್ಟೂ ಸೂಜಿ ಪೂರ್ತಿ ಮಾಡಿಸಿರಿ. ‘ಸಣ್ಣ ಮರಿ, ಏನಾಗತೈತಿ’ ಅನ್ನಬೇಡ್ರಿ.

ಓದಿ ಉತ್ತರ ಹೇಳಿರಿ:
1. ಮರಿಯನ್ನು ಎಷ್ಟು ವಾರದ ಮೇಲೆ ತರಬೇಕು?
2. ನಾಯಿ ಕಚ್ಚಿದರೆ ಮೊದಲು ಏನು ಮಾಡಬೇಕು?