ಸ್ಟೈಪೆಂಡ್ ಹತ್ತು ಸಾವಿರ, ಉಳಿದ ಖರ್ಚು ಯಾರದು?

ದಾಂಡೇಲಿ, ಹಳಿಯಾಳದ ಕಡೆಯಿಂದ ಪತ್ರಿಕೋದ್ಯಮ ಓದಲು ಹೋದ ಹುಡುಗಿಯರು ಕೊನೆಯ ಸೆಮಿಸ್ಟರಿಗೆ ಬಂದಾಗ ನನಗೆ ಫೋನ್ ಮಾಡುತ್ತಾರೆ. ಬೆಂಗಳೂರಿನ ಪಿಆರ್ (ಸಾರ್ವಜನಿಕ ಸಂಪರ್ಕ) ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಹತ್ತು ಸಾವಿರ ಕೊಡುತ್ತಾರಂತೆ, ಹೋಗಲೇ ಅಕ್ಕಾ ಎಂಬುದು ಎಲ್ಲರ ಪ್ರಶ್ನೆ. ಹೋಗಿ ಎಂದೇ ಹೇಳುತ್ತೇನೆ. ಆದರೆ ಆ ಹತ್ತು ಸಾವಿರವನ್ನು ಗಳಿಕೆ ಎಂದು ಬರೆದುಕೊಳ್ಳಬೇಡಿ, ಮೊದಲು ಮನೆಯವರು ಹಾಕುವ ಬಂಡವಾಳವನ್ನು ಬರೆಯಿರಿ ಎಂದೂ ಹೇಳುತ್ತೇನೆ.

2023ರ ಆಗಸ್ಟಿನಲ್ಲಿ ನಾನು ಅಂಥದೇ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದಾಗಿನ ಲೆಕ್ಕ ಹೀಗಿತ್ತು. ಎರಡು ಹೊತ್ತಿನ ಊಟ ಸೇರಿ ಪಿಜಿಗೆ ಏಳೂವರೆ ಸಾವಿರ. ಮುಂಗಡವೂ ಅಷ್ಟೇ. ಮಧ್ಯಾಹ್ನದ ಊಟ, ಫೋನು, ಆಗಾಗ ಮೆಟ್ರೊ ಸೇರಿದರೆ ತಿಂಗಳಿಗೆ ಹನ್ನೆರಡು ಸಾವಿರ ದಾಟುತ್ತಿತ್ತು. ಕ್ಲೈಂಟ್ ಮೀಟಿಂಗಿಗೆ ಹೋಗುವಂಥ ಬಟ್ಟೆ ಹೊಲಿಸಬೇಕಿತ್ತು, ಹಳೆಯ ಲ್ಯಾಪ್‌ಟಾಪಿಗೆ ಬ್ಯಾಟರಿ ಹಾಕಿಸಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಸಂಗತಿ, ಮೊದಲ ತಿಂಗಳ ಸ್ಟೈಪೆಂಡ್ ಕೈಗೆ ಬರುವುದು ಎರಡನೆಯ ತಿಂಗಳ ನಡುವೆ. ಅಲ್ಲಿಯವರೆಗೆ ಬದುಕಲು ಬೇಕಾದ ದುಡ್ಡನ್ನು ಅವ್ವ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು. ವಾರವಾರ ಕಂತು. ಅದರ ಬಡ್ಡಿಯೂ ನನ್ನ ಇಂಟರ್ನ್‌ಶಿಪ್ಪಿನ ಖರ್ಚೇ ಎಂಬುದನ್ನು ಯಾವ ಕಾಲೇಜೂ ಹೇಳಿಕೊಡುವುದಿಲ್ಲ.

ನಮ್ಮನ್ನು ಆ ವರ್ಷ ಎತ್ತಿ ಹಿಡಿದದ್ದು ಸರ್ಕಾರದ ಎರಡು ಯೋಜನೆಗಳು. ಇದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಸರಿ ಕಾಣದು. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು. ವೇಗದೂತ ಬಸ್ಸಿನಲ್ಲಿ ಕೂತರೆ ಹೆಂಗಸರಿಗೆ ದಾಂಡೇಲಿಯಿಂದ ಬೆಂಗಳೂರಿಗೂ ಟಿಕೆಟ್ ದುಡ್ಡಿಲ್ಲ, ಬೆಂಗಳೂರಿನೊಳಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಇಲ್ಲ. ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಜಾರಿಯಾಯಿತು. ಅವ್ವನ ಖಾತೆಗೆ ಬಂದ ಎರಡು ಸಾವಿರ ನೇರ ಸಂಘದ ಕಂತಿಗೆ ಹೋಯಿತು. ಬಿಟ್ಟಿ ಭಾಗ್ಯ ಎಂದು ಹಂಗಿಸುವವರಿಗೆ ನಾನು ಈ ಲೆಕ್ಕದ ಪುಟವನ್ನೇ ತೋರಿಸುತ್ತೇನೆ.

ಇನ್ನು ಕೆಲಸದ ಮಾತು. ಪಿಆರ್ ಅಂದರೆ ಜಾಹೀರಾತಲ್ಲ. ಜಾಹೀರಾತಿಗೆ ಪತ್ರಿಕೆಯಲ್ಲಿ ಜಾಗ ಕೊಳ್ಳುತ್ತಾರೆ. ಪಿಆರ್‌ನಲ್ಲಿ ಸುದ್ದಿ ಎನಿಸುವಂಥದ್ದನ್ನು ಸಿದ್ಧಮಾಡಿ ವರದಿಗಾರರ ಮುಂದಿಡುತ್ತಾರೆ, ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಇದಕ್ಕಾಗಿ ಕ್ಲೈಂಟ್ ತಿಂಗಳಿಗಿಷ್ಟು ಎಂದು ರಿಟೇನರ್ ಕೊಡುತ್ತಾನೆ, ಅದರ ಮೇಲೆ ಶೇ 18 ಜಿಎಸ್‌ಟಿ. ಇಂಟರ್ನ್ ಪಾಲಿಗೆ ಬರುವುದು ಬೆಳಿಗ್ಗೆ ಪತ್ರಿಕೆ ಕತ್ತರಿಸಿ ಕ್ಲಿಪ್ಪಿಂಗ್ ಮಾಡುವುದು, ಯಾವ ಊರಿನ ಸುದ್ದಿ ಯಾವ ವರದಿಗಾರರಿಗೆ ಎಂಬ ಮೀಡಿಯಾ ಲಿಸ್ಟ್ ತಿದ್ದುವುದು, ಪ್ರೆಸ್ ನೋಟ್ ಕಳಿಸಿ ಫಾಲೋಅಪ್ ಕಾಲ್ ಮಾಡುವುದು. ತಿಂಗಳ ಕೊನೆಗೆ ಕವರೇಜ್ ರಿಪೋರ್ಟ್. ಸುದ್ದಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್ ಎಂದು ಅಳೆದು, ಅದನ್ನು ಜಾಹೀರಾತು ದರದಿಂದ ಗುಣಿಸಿ, ಇಷ್ಟು ಲಕ್ಷದ ಪ್ರಚಾರವಾಯಿತು ಎಂದು ಬರೆಯುವ ರೂಢಿ ಅಲ್ಲಿತ್ತು. ಇಂಥ ಗುಣಾಕಾರ ಸಲ್ಲದು ಎಂದು ಈ ಕ್ಷೇತ್ರದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಕೂತು ತೀರ್ಮಾನಿಸಿದ್ದಾರೆ. ಆದರೂ ಆ ಅಂಕಿ ಕ್ಲೈಂಟಿಗೆ ಇಷ್ಟ. ನನಗಂತೂ ಅದು ಒಂದು ಎಚ್ಚರ ಕಲಿಸಿತು. ಯಾರಾದರೂ ‘ಇದರ ಮೌಲ್ಯ ಇಷ್ಟು’ ಎಂದರೆ, ಆ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳಬೇಕು. ಯಾರ ಕೈಗೂ ಹೋಗದಿದ್ದರೆ ಅದು ಬರೀ ಅಂಕಿ. ಮುಂದೆ ವಿಮೆ ಮಾರುವವರು, ಸೈಟು ಮಾರುವವರು ಬಂದಾಗಲೂ ಇದೇ ಪ್ರಶ್ನೆ ನನ್ನನ್ನು ಕಾಪಾಡಿತು.

ನನ್ನ ಬೆಲೆ ನನಗೆ ತಿಳಿದದ್ದು ಮೀಡಿಯಾ ಲಿಸ್ಟ್ ನೋಡಿದಾಗ. ಇಡೀ ಉತ್ತರ ಕನ್ನಡ ಜಿಲ್ಲೆಯನ್ನು ‘ಕರಾವಳಿ’ ಎಂದು ಮಂಗಳೂರಿನ ಪಟ್ಟಿಗೆ ಸೇರಿಸಿದ್ದರು. ಜಿಲ್ಲಾ ಕೇಂದ್ರ ಕಾರವಾರ ಸಮುದ್ರದ ದಂಡೆಯಲ್ಲಿರುವುದು ನಿಜ. ಆದರೆ ದಾಂಡೇಲಿ, ಹಳಿಯಾಳ, ಮುಂಡಗೋಡದವರು ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವುದು ಧಾರವಾಡ-ಹುಬ್ಬಳ್ಳಿಗೆ. ಓದುವುದೂ ಹುಬ್ಬಳ್ಳಿಯಲ್ಲಿ ಅಚ್ಚಾದ ಪತ್ರಿಕೆಯನ್ನೇ. ಮಂಗಳೂರಿಗೆ ಕಳಿಸಿದ ಪ್ರೆಸ್ ನೋಟ್ ನಮ್ಮ ಊರ ಓದುಗರಿಗೆ ತಲುಪುವುದು ಹೇಗೆ? ನಾನು ಪಟ್ಟಿಯನ್ನು ಒಡೆದು ಘಟ್ಟದ ಕೆಳಗಿನದು, ಶಿರಸಿ ಸುತ್ತಿನದು, ದಾಂಡೇಲಿ-ಹಳಿಯಾಳ-ಜೋಯಿಡಾ-ಮುಂಡಗೋಡ ಎಂಬ ನಮ್ಮ ನಾಲ್ಕು ತಾಲ್ಲೂಕಿನದು ಎಂದು ಬೇರೆ ಮಾಡಿಕೊಟ್ಟೆ. ಒಬ್ಬ ಕ್ಲೈಂಟ್ ವಿದೇಶಿ ಅತಿಥಿಗಳನ್ನು ಮುಂಡಗೋಡದ ಟಿಬೆಟನ್ ಕಾಲೊನಿಗೆ ಕರೆದೊಯ್ಯುವ ಯೋಚನೆಯಲ್ಲಿದ್ದ. 1966ರಿಂದ ಇರುವ ಆ ನೆಲೆಯಲ್ಲಿ ಉಳಿಯಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು, ನಿಂತ ಕಾಲಲ್ಲಿ ಸಿಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಕಾರ್ಯಕ್ರಮದ ದಿನಾಂಕ ಮುಂದಕ್ಕೆ ಹೋಯಿತು. ಒಂದು ದೊಡ್ಡ ನಷ್ಟ ತಪ್ಪಿತು.

ಅಭ್ಯಾಸಕ್ಕೆಂದು ಒಂದು ಪ್ರೆಸ್ ನೋಟ್ ಬರೆಯಲು ಹೇಳಿದಾಗ ಜೋಯಿಡಾದ ಗೆಡ್ಡೆ-ಗೆಣಸು ಮೇಳವನ್ನು ಆರಿಸಿಕೊಂಡೆ. ಕುಣಬಿ ರೈತರು ಕಾಡಂಚಿನ ಹೊಲದಲ್ಲಿ ಬೆಳೆದ ಬಗೆಬಗೆಯ ಗೆಡ್ಡೆಗಳನ್ನು ತಂದು ರಾಶಿ ಹಾಕಿ ಮಾರುವ ಮೇಳ ಅದು. ಯಾವ ರಿಟೇನರೂ ಇಲ್ಲದೆ ಪತ್ರಿಕೆಗಳಲ್ಲಿ ಬರುತ್ತದೆ, ಯಾಕೆಂದರೆ ಅಲ್ಲಿ ನಿಜವಾದ ಸುದ್ದಿ ಇದೆ. ರಿವರ್ ರ್‍ಯಾಫ್ಟಿಂಗ್ ಚಿತ್ರ ಹಾಕಿದ ರೆಸಾರ್ಟಿನ ಪ್ರೆಸ್ ನೋಟಿಗೆ ವರದಿಗಾರರು ಹೊಸತೇನಿದೆ ಎಂದು ಕೇಳುತ್ತಿದ್ದರು. ಗೆಡ್ಡೆಯ ಬಗ್ಗೆ ಹೇಳಿದರೆ ಫೋಟೊ ಇದೆಯೇ ಎಂದು ಕೇಳುತ್ತಿದ್ದರು.

ಮೂರು ತಿಂಗಳಾದ ಮೇಲೆ ಸ್ಟೈಪೆಂಡ್ ಹೆಚ್ಚಿಸಿ ಎಂದು ಕೇಳಿದೆ. ಕಷ್ಟ ಹೇಳಿಕೊಂಡು ಕೇಳಲಿಲ್ಲ. ನಾನು ಬರುವ ಮೊದಲು ಇಂಗ್ಲಿಷ್ ಪ್ರೆಸ್ ನೋಟನ್ನು ಕನ್ನಡಕ್ಕೆ ತರಲು ಪದಕ್ಕಿಷ್ಟು ಎಂದು ಹೊರಗಿನವರಿಗೆ ಕೊಡುತ್ತಿದ್ದರು. ಈಗ ಆ ಖರ್ಚು ನಿಂತಿದೆ ಎಂದು ಬರೆದು ತೋರಿಸಿದೆ. ಹತ್ತು ಸಾವಿರ ಹದಿನಾಲ್ಕಾಯಿತು. ನಮ್ಮ ಕಡೆಯ ಮಕ್ಕಳು ಇಂಗ್ಲಿಷ್ ಬಾರದೆಂದು ತಲೆ ತಗ್ಗಿಸಿ ಕೂರುತ್ತಾರೆ. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಕರ್ನಾಟಕದ ಜಿಲ್ಲೆಗಳನ್ನು ಮುಟ್ಟಬೇಕೆಂಬ ಸಂಸ್ಥೆಗೆ ಬೇಕಾದ ಕನ್ನಡ ಈ ಮಕ್ಕಳ ಹತ್ತಿರವೇ ಇದೆ. ಇಂಗ್ಲಿಷ್ ಕಲಿಯಲಿ, ಆದರೆ ಕನ್ನಡದ ಕೆಲಸವನ್ನು ಪುಕ್ಕಟೆ ಮಾಡಿಕೊಡದಿರಲಿ.

ಇನ್ನೊಂದು ದುಡ್ಡು ಬಹಳ ಜನ ಬಿಟ್ಟುಬಿಡುತ್ತಾರೆ. ಸಂಸ್ಥೆಯವರು ಸ್ಟೈಪೆಂಡನ್ನು ಸಂಬಳವೆಂದು ತೋರಿಸದೆ ವೃತ್ತಿಪರ ಶುಲ್ಕವೆಂದು ತೋರಿಸಿದ್ದರು. ಅಂಥ ಪಾವತಿ ವರ್ಷಕ್ಕೆ 30,000 ರೂಪಾಯಿ ದಾಟಿದರೆ ಆಗ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನಡಿ ಶೇ 10 ಟಿಡಿಎಸ್ ಹಿಡಿಯಬೇಕಿತ್ತು (2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಯಿತು). ಪ್ಯಾನ್ ಕೊಡದಿದ್ದರೆ ಶೇ 20. ಆರು ತಿಂಗಳಿಗೆ ನನಗೆ ಸಂದದ್ದು 72,000, ಹಿಡಿದದ್ದು 7,200. ನನ್ನ ಆದಾಯಕ್ಕೆ ತೆರಿಗೆಯೇ ಇರಲಿಲ್ಲ. ಫಾರಂ 26ಎಎಸ್‌ನಲ್ಲಿ ಮೊತ್ತ ನೋಡಿಕೊಂಡು ರಿಟರ್ನ್ ಸಲ್ಲಿಸಿದೆ, ಹಣ ಖಾತೆಗೆ ವಾಪಸಾಯಿತು. ನನ್ನ ಜೊತೆಗಿದ್ದ ಕೆಲವರು ತೆರಿಗೆ ಹೋಯಿತೆಂದು ಸುಮ್ಮನಾದರು. ಕೂಲಿಯ ಹತ್ತನೆಯ ಒಂದು ಪಾಲು ಅದು, ಬಿಡಬಾರದು.

2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000, ಒಮ್ಮೆ ಮಾತ್ರ 6,000 ಎಂದು ಘೋಷಿಸಿತು. ಮನೆಯಿಂದಲೇ ಓಡಾಡುವವರಿಗೆ ಅದು ಆಸರೆ. ಬೆಂಗಳೂರಿನಲ್ಲಿ ಅದು ಪಿಜಿಗೂ ಸಾಲದು. ಹಾಗಾಗಿ ಈಗ ಕೇಳುವವರಿಗೆ ನಾನು ಬೇರೆ ದಾರಿ ಸೂಚಿಸುತ್ತೇನೆ. ಮೊದಲ ಎರಡು ತಿಂಗಳು ಕಚೇರಿಗೆ ಹೋಗಿ ಕೆಲಸ ಕಲಿಯಿರಿ, ಆಮೇಲೆ ಊರಿನಿಂದ ಮಾಡುತ್ತೇನೆಂದು ಕೇಳಿ, ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಕ್ಲಿಪ್ಪಿಂಗ್, ಅನುವಾದ, ಫಾಲೋಅಪ್ ಕಾಲ್ ಯಾವುದಕ್ಕೂ ಬೆಂಗಳೂರಿನ ಕುರ್ಚಿ ಬೇಕಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡ ಪೇಟೆಯಲ್ಲಿ ಇದು ನಡೆಯುತ್ತದೆ. ಜೋಯಿಡಾದ ಒಳಗಿನ ಹಳ್ಳಿಯವರಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಅವರು ದಾಂಡೇಲಿಯಲ್ಲಿ ಇಬ್ಬರು ಸೇರಿ ಒಂದು ಖೋಲಿ ಹಿಡಿದರೆ, ಬೆಂಗಳೂರಿನ ಪಿಜಿ ಬಾಡಿಗೆಯ ಅರ್ಧದೊಳಗೆ ತಿಂಗಳು ಸಾಗುತ್ತದೆ.