ಪಾಯಕ್ಕೆ ಮುಂಚೆ ಪಾಲು

ಮಧುಗಿರಿ ತಾಲ್ಲೂಕಿನ ನಮ್ಮೂರಿನ ಮನೆ ಮಣ್ಣಿನ ಗೋಡೆಯದು, ಮೇಲೆ ಕಲ್ಲುಚಪ್ಪಡಿ. ಬೇಸಿಗೆಯಲ್ಲಿ ಅಷ್ಟು ತಂಪಾದ ಮನೆ ಪೇಟೆಯಲ್ಲಿ ಸಿಗುವುದಿಲ್ಲ. ಆದರೆ ಅಣ್ಣನ ಮಕ್ಕಳು ಬೆಳೆದರು, ಅಮ್ಮನಿಗೆ ರಾತ್ರಿ ಹೊತ್ತು ಹಿತ್ತಿಲಿಗೆ ನಡೆಯುವುದು ಕಷ್ಟವಾಯಿತು. ಇದ್ದ ಮನೆಯನ್ನೇ ಬೆಳೆಸುವುದೋ, ಮಧುಗಿರಿಯಲ್ಲಿ ದೊಡ್ಡದೊಂದು ಕೊಳ್ಳುವುದೋ?

ಮೇಲೆ ಮಹಡಿ ಎಬ್ಬಿಸುವ ಆಸೆಯನ್ನು ಎಂಜಿನಿಯರ್ ಮೊದಲ ದಿನವೇ ಬಿಡಿಸಿದರು. ಮಣ್ಣಿನ ಗೋಡೆ ಚಪ್ಪಡಿಯನ್ನು ಹೊರುತ್ತದೆ, ಅದರ ಮೇಲೆ ಇನ್ನೊಂದು ಮನೆಯನ್ನು ಹೊರುವುದಿಲ್ಲ. ಉಳಿದದ್ದು ಹಿತ್ತಿಲು. ಎರಡು ಕೋಣೆ, ಒಂದು ಬಚ್ಚಲು, ಎಂಟು ಲಕ್ಷ.

ಪೇಟೆಯ ಮನೆಗೆ ಮೂವತ್ತು ಲಕ್ಷ ಹೇಳಿದರು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವಂತೂ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಎರಡು ಲಕ್ಷ ಮೀರುವ ಈ ಹಣವನ್ನು ಇಂಥ ಮನೆಯ ಸಾಲದಲ್ಲಿ ಸೇರಿಸುವುದಿಲ್ಲ, ಕೈಯಿಂದಲೇ ಕಟ್ಟಬೇಕು. 25 ಲಕ್ಷ ಸಾಲ ಶೇ 8.5ರಂತೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಮೊದಲ ಕಂತಿನಲ್ಲಿ 17,700 ಬರೀ ಬಡ್ಡಿ. ತೀರಿಸುವ ಹೊತ್ತಿಗೆ 52 ಲಕ್ಷ. ಹಿತ್ತಿಲ ಕೋಣೆಗೆ ಆರು ಲಕ್ಷ ಸಾಲ ಸಾಕು. ಶೇ 9ರಂತೆ ಏಳು ವರ್ಷ ಕಟ್ಟಿದರೂ ಒಟ್ಟು ಎಂಟು ಲಕ್ಷ ಚಿಲ್ಲರೆ.

ರೈಲು ಬಂದರೆ ಬೆಲೆ ದುಪ್ಪಟ್ಟಾಗುತ್ತದೆ ಎಂದು ದಲ್ಲಾಳಿ ಪದೇಪದೇ ಹೇಳಿದ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹಾಯುವ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007–08ರಲ್ಲಿ. ರೈಲು ಬಂದೇ ಬರಲಿ, ನಮಗೂ ಬೇಕು. ಆದರೆ ಕಂತು ಅದಕ್ಕಾಗಿ ಕಾಯುವುದಿಲ್ಲ. ಹಾಗೆಂದು ಹಳ್ಳಿಯ ಕೋಣೆಗೆ ಹಾಕಿದ ಹಣ ಮಾರಿದಾಗ ವಾಪಸ್ ಬರುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು. ಊರೊಳಗಿನ ಮನೆಗೆ ಕೊಳ್ಳುವವರು ಎಲ್ಲಿ? ನಾನು ಅದನ್ನು ಖರ್ಚಿನ ಪಟ್ಟಿಯಲ್ಲೇ ಬರೆದೆ, ಅಮ್ಮನ ಔಷಧಿಯ ಕೆಳಗೆ.

ಇಷ್ಟೆಲ್ಲ ಗುಣಿಸಿದರೂ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ಮನೆ ಯಾರದು? ಖಾತೆ ತೀರಿಹೋದ ಅಪ್ಪನ ಹೆಸರಿನಲ್ಲಿತ್ತು. ಬ್ಯಾಂಕಿನವರು ಇ-ಸ್ವತ್ತಿನ ನಮೂನೆ 9, 11 ಕೇಳಿದರು. ಪಂಚಾಯಿತಿ ಖಾತೆ ಬದಲಾಯಿಸಿದ ಮಾತ್ರಕ್ಕೆ ಒಡೆತನ ಇತ್ಯರ್ಥವಾಗುವುದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಂದಮೇಲೆ ಸಾಲ ನನ್ನ ಸಂಬಳದ್ದಾದರೂ, ಪಾಲಾಗದ ಜಾಗದಲ್ಲಿ ಏಳುವ ಕೋಣೆ ನನ್ನೊಬ್ಬನದಲ್ಲ.

ನಮ್ಮ ಕಡೆ ಇದಕ್ಕೊಂದು ಅಡ್ಡದಾರಿ ಇದೆ. ಹಬ್ಬಕ್ಕೆ ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ತವರಿಗೆ ಬರುವ ದಾರಿ ಮುಚ್ಚೀತೆಂಬ ಅಂಜಿಕೆಗೆ ಎಷ್ಟೋ ಹೆಂಗಸರು ಓದದೆಯೇ ಸಹಿ ಹಾಕುತ್ತಾರೆ. ಇದು ಅನ್ಯಾಯ, ಪತ್ರ ಕಾನೂನುಬದ್ಧವಾಗಿದ್ದರೂ ಅನ್ಯಾಯವೇ. ದಾಖಲೆಯಲ್ಲಿನ ಹೆಸರಿಗೆ ಎಷ್ಟು ಬೆಲೆ ಎಂದು ಪಾವಗಡದವರಿಗೆ ಗೊತ್ತು. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ದಾಖಲೆಯಲ್ಲಿ ಇದ್ದವರ ಹೆಸರಿಗೇ ಬಂತು.

ನಾವು ಮನೆಗೂ ಹೊಲಕ್ಕೂ ಊರಿನ ಬೆಲೆ ಕಟ್ಟಿ, ಅಕ್ಕನನ್ನೂ ಭಾವನನ್ನೂ ಕೂರಿಸಿಕೊಂಡು ಮಾತಾಡಿದೆವು. ಅಕ್ಕ ಬಾವಿ ಮಗ್ಗುಲಿನ ಹೊಲ ಕೇಳಿದಳು. ಅದು ನಮ್ಮಲ್ಲಿನ ಒಳ್ಳೆಯ ಹೊಲ. ಅಣ್ಣನಿಗೆ ಸಂಕಟವಾಯಿತು, ಆದರೂ ಕೊಟ್ಟ. ವಿಭಾಗ ಪತ್ರ ನೋಂದಣಿಯಾಯಿತು, ಅಮ್ಮನ ಪಾಲು ಅಮ್ಮನ ಹೆಸರಿನಲ್ಲೇ ಉಳಿಯಿತು, ಖಾತೆ ಬಂತು. ಪಾಯ ತೋಡಿದ್ದು ಆಮೇಲೆ. ಹೊಸ ಕೋಣೆಗಳಿಗೆ ಪಿಲ್ಲರ್ ಹಾಕಿಸಿದ್ದೇವೆ, ಮುಂದೆ ಒಂದು ಮಹಡಿ ತಡೆಯುವಷ್ಟು. ಅದರ ಹೆಚ್ಚಿನ ಖರ್ಚು ಅಣ್ಣನದು. ಮೇಲಿನ ಹಕ್ಕು ಅವನದೆಂದು ಪತ್ರದಲ್ಲೇ ಇದೆ.